ಹತ್ತೊಂಬತ್ತು ಗೊಂಚಲು

ಹೇಳುವುದಾದರೆ ಬಾಗಿಲಲ್ಲೇ ಹೇಳಿಬಿಡಬೇಕು, ಅವಳು ಚಪ್ಪಲಿ ಬಿಚ್ಚುವ ಮೊದಲೇ, ಎಂದು ಅವನು ಆರನೇ ಕುಂಡದ ಟೊಮೇಟೊ ಗಿಡಕ್ಕೆ ಹೇಳಿದ. ಗಿಡ ಏನೂ ಅನ್ನಲಿಲ್ಲ. ಬೆಳಗಿನ ಏಳು ಗಂಟೆಗೇ ಇಸ್ತ್ರಿ ಅಂಗಿ ತೊಟ್ಟು, ಟೈ ಕಟ್ಟಿ, ಜೇಬಿಗೆ ಕೆಂಪು ಪೆನ್ಸಿಲು ಸಿಕ್ಕಿಸಿಕೊಂಡು, ಹಿತ್ತಲಿನ ಹಸಿರುಮನೆಯಲ್ಲಿ ಹನ್ನೆರಡು ಗಿಡಗಳ ಮುಂದೆ ನಿಂತು ತಪ್ಪೊಪ್ಪಿಗೆಯ ಅಭ್ಯಾಸ ಮಾಡುತ್ತಿದ್ದ. ಪಕ್ಕದ ಮನೆಯವರು ನೋಡಿದರೆ ಏನೆಂದುಕೊಂಡಾರು ಎನ್ನಿಸಿ, ನೀರು ಹಾಕಲು ಬಂದವನಂತೆ ಚೊಂಬು ಎತ್ತಿ ಹಿಡಿದ. ಚೊಂಬಿನಲ್ಲಿ ನೀರಿರಲಿಲ್ಲ. ಹಸಿರುಮನೆಯ ನಾಲ್ಕೂ ಕಡೆ ಗಾಜು. ಕೆಡವಿದ ಶಾಲೆಯೊಂದರ ಹಳೆಯ ಕಿಟಕಿಗಳನ್ನು ತಂದು ಹೆಂಡತಿ ಎರಡು ವರ್ಷ ಬಡಗಿಯ ಬೆನ್ನು ಬಿಡದೆ ಕಟ್ಟಿಸಿದ್ದಳು. ಪ್ರತಿ ಕಿಟಕಿಗೂ ಅಗುಳಿ ಇತ್ತು, ಒಂದರ ಚೌಕಟ್ಟಿನಲ್ಲಿ ಯಾರೋ ಮಕ್ಕಳು ಕೆತ್ತಿದ ತಪ್ಪು ಗುಣಾಕಾರವೂ ಇತ್ತು. ಆ ಗುಣಾಕಾರ ಕಂಡಾಗೆಲ್ಲ ಅವನ ಕೈ ತಾನಾಗಿ ಜೇಬಿನ ಪೆನ್ಸಿಲಿಗೆ ಹೋಗುತ್ತಿತ್ತು. ಇಪ್ಪತ್ತೊಂದು ವರ್ಷದಿಂದ ಅವನ ಕೆಲಸವೇ ಅದು. ಡ್ರೈವಿಂಗ್ ಪರೀಕ್ಷೆಗೆ ಬಂದವರ ಪಕ್ಕದಲ್ಲಿ ಕುಳಿತು, ಅವರು ಮಾಡಿದ ತಪ್ಪಿಗೆಲ್ಲ ಹಾಳೆಯಲ್ಲಿ ಕೆಂಪು ಗೆರೆ ಎಳೆಯುವುದು. ಕಚೇರಿಯ ಹೊರಗೆ ಸಾಲುನಿಂತವರು ಅವನಿಗಿಟ್ಟ ಹೆಸರು ಕೆಂಪು ಪೆನ್ಸಿಲು. ಅದು ಅವನಿಗೆ ಗೊತ್ತಿಲ್ಲವೆಂದು ಅವರು ತಿಳಿದಿದ್ದರು, ಗೊತ್ತಿಲ್ಲದಂತೆ ಇರುವುದು ಹುದ್ದೆಗೆ ಮರ್ಯಾದೆ ಎಂದು ಅವನು ತಿಳಿದಿದ್ದ.

ಹೆಂಡತಿ ಹನ್ನೆರಡು ದಿನದ ಹಿಂದೆ ಅಕ್ಕನ ಮಂಡಿಯ ಆಪರೇಷನ್ ಎಂದು ಊರಿಗೆ ಹೋಗಿದ್ದಳು. ಇವತ್ತು ಸಂಜೆ ನಾಲ್ಕರ ರೈಲಿಗೆ ಬರುವವಳಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, ಮದುವೆಯಾದಾಗಿನಿಂದ ನಿಮ್ಮನ್ನ ಏನೂ ಕೇಳಿಲ್ಲ, ಇದೊಂದು ನೋಡಿಕೊಳ್ಳಿ, ಎಂದು ಒಂದು ಚೀಟಿ ಕೊಟ್ಟಿದ್ದಳು. ಏನೂ ಕೇಳಿಲ್ಲ ಎಂಬುದು ಪೂರ್ತಿ ನಿಜವಲ್ಲ ಎಂದು ಅವನಿಗೆ ಆಗಲೇ ಅನ್ನಿಸಿತ್ತು, ಆದರೆ ಆಕ್ಷೇಪಣೆಗೆ ಅದು ಸಮಯವಾಗಿರಲಿಲ್ಲ. ಬೀಜದಿಂದ ಬೆಳೆಸಿದ ಗಿಡಗಳು. ಮೊದಲ ಮೂರು ವಾರ ಫ್ರಿಜ್ಜಿನ ನೆತ್ತಿಯ ಮೇಲೆ ಬೆಚ್ಚಗೆ ಕೂತಿದ್ದವು, ಫ್ರಿಜ್ಜಿನ ಬಾಗಿಲನ್ನು ಮೆತ್ತಗೆ ಹಾಕಿರೆಂದು ಅವಳು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಹೋದ ವರ್ಷದ ಗಿಡಗಳು ಬೂಷ್ಟು ಹಿಡಿದು ಸತ್ತಾಗ ಅವಳು ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ. ಅವನಿಗದು ಗೊತ್ತಾದದ್ದು ಮೂರನೇ ದಿನ. ಚೀಟಿಯಲ್ಲಿ ಅವಳ ದುಂಡು ಅಕ್ಷರದಲ್ಲಿ, ಸಂದಿಯಲ್ಲಿ ಬಂದ ಚಿಗುರನ್ನೆಲ್ಲ ಚಿವುಟಿ, ಹೂವು ಮುಟ್ಟಬೇಡಿ, ಎಂದಿತ್ತು. ಇಷ್ಟು ಸ್ಪಷ್ಟವಾದ ನಿಯಮ ತಮ್ಮ ಇಲಾಖೆಯ ಪುಸ್ತಕದಲ್ಲೂ ಇಲ್ಲವಲ್ಲ ಎಂದು ಅವನು ಖುಷಿಪಟ್ಟಿದ್ದ. ಅದೇ ಎಡವಟ್ಟಾಯಿತು. ಮೊದಲ ದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಅವನು ಒಂದೊಂದೇ ಗಿಡವನ್ನು ಪರೀಕ್ಷೆ ಮಾಡಿದ. ಎಲೆಯ ಬುಡದಿಂದ ಎದ್ದು ನೆಟ್ಟಗೆ ಮೇಲಕ್ಕೆ ಹೊರಟಿದ್ದ ಚಿಗುರುಗಳು ಶಿಸ್ತಿನ ಹುಡುಗರಂತೆ ಕಂಡವು. ಅವು ಹೊರಟ ದಿಕ್ಕು ಸರಿ. ಆದರೆ ಎರಡು ಎಲೆಗಳ ನಡುವೆ, ಬರಿಯ ಕಾಂಡದಿಂದ, ಯಾವ ಸೂಚನೆಯನ್ನೂ ಕೊಡದೆ ಅಡ್ಡಕ್ಕೆ ತಿರುಗಿ ನಿಂತಿದ್ದ, ರೋಮ ರೋಮದ, ತಲೆ ತಗ್ಗಿಸಿದ ಹಸಿರು ಗೊಂಚಲುಗಳು ಅವನಿಗೆ ಸರಿಬರಲಿಲ್ಲ. ಮುಖ್ಯರಸ್ತೆಯಿಂದ ಹೀಗೆ ಅಡ್ಡಕ್ಕೆ ನುಗ್ಗುವವರನ್ನು ಅವನು ಒಬ್ಬರನ್ನೂ ಪಾಸು ಮಾಡಿದವನಲ್ಲ. ಹೂವೇ ಇರಬಹುದೋ ಎಂದು ಒಂದು ಕ್ಷಣ ಅನುಮಾನ ಬಂದದ್ದು ನಿಜ. ಆದರೆ ಹೂವೆಂದರೆ ಹಳದಿ, ಇವು ಹಸಿರು, ಎರಡು ಎಲೆಯ ನಡುವೆಯೆಂದರೆ ಸಂದಿಯೇ, ನಿಯಮ ನಿಯಮವೇ. ಇಪ್ಪತ್ತು ನಿಮಿಷದಲ್ಲಿ ಹತ್ತೊಂಬತ್ತು ಗೊಂಚಲುಗಳನ್ನು ಚಿವುಟಿ, ಹಳೆಯ ಪೇಪರಿನ ಮೇಲೆ ಸಾಲಾಗಿ ಜೋಡಿಸಿ, ಎರಡು ಸಲ ಎಣಿಸಿ, ಸೀಟಿ ಹೊಡೆಯುತ್ತ ಕೈ ತೊಳೆಯಲು ಹೋದ. ಸೋಪಿನ ನೊರೆ ಹಸಿರುಹಳದಿಯಾಯಿತು. ಬೆರಳಿನ ಕರೆ ಮಾತ್ರ ಹೋಗಲಿಲ್ಲ.

ಆ ಕರೆ ಇವತ್ತಿಗೂ ಹೆಬ್ಬೆರಳಿನ ಸಂದಿನಲ್ಲಿ ಇದ್ದಹಾಗೇ ಇದೆಯೆಂದು ಅವನಿಗೆ ತೋರಿತು. ಹನ್ನೆರಡು ದಿನ ಕಳೆದರೂ ಇರಲು ಸಾಧ್ಯವಿಲ್ಲವೆಂದು ಗೊತ್ತಿದ್ದರೂ, ಕಚೇರಿಯಲ್ಲಿ ಫಲಿತಾಂಶದ ಹಾಳೆ ಕೊಡುವಾಗ ಅವನು ಬೆರಳು ಮಡಚಿಕೊಂಡೇ ಕೊಡುತ್ತಿದ್ದ. ನಿನ್ನೆಯೊಬ್ಬರು, ಸಾರ್ ಕೈಗೆ ಪೆಟ್ಟಾಗಿದ್ಯಾ, ಎಂದು ಕೇಳಿದ್ದರು. ಫೇಲಾದವರು ಅಷ್ಟು ಅಕ್ಕರೆಯಿಂದ ಕೇಳಬಾರದಾಗಿತ್ತು. ಮೊದಲ ಸಂಜೆ ಏಳಕ್ಕೆ ಫೋನು ಬಂದಾಗಲೂ ಅವನು ಆ ಬೆರಳುಗಳನ್ನೇ ನೋಡುತ್ತಿದ್ದ. ಆಪರೇಷನ್ ಚೆನ್ನಾಗಾಯಿತು ಎಂದವಳು, "ಗಿಡ ಹೇಗಿವೆ? ಮೊಗ್ಗು ಬಿಡ್ತಿವೆಯಾ? ಅದೇ, ಕಾಂಡದಿಂದ ಅಡ್ಡಕ್ಕೆ ಬಂದಿತ್ತಲ್ಲ ಹಸಿರು ಗೊಂಚಲು, ಅದೇ ರೀ ಮೊಗ್ಗು" ಎಂದಳು. ಅವನಿಗೆ ಜೀವ ಬಾಯಿಗೆ ಬಂತು. ಪೇಪರು, ಗೊಂಚಲು, ಕಸದ ಬುಟ್ಟಿ ಎಲ್ಲ ಕಣ್ಣಮುಂದೆ ಸಾಲಾಗಿ ಹಾದುಹೋದವು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಮೂರರಿಂದ ಆರಕ್ಕೆ ಬರುವವರೆಗೂ ಸುಮ್ಮನಿದ್ದು, ಕೊನೆಗೆ, "ಬಿಡ್ತಿವೆ" ಎಂದ. ಇಷ್ಟೇ ಹೇಳಿ ಸುಮ್ಮನಾಗಬಹುದಿತ್ತು. "ಜೋರಾಗಿ ಬಿಡ್ತಿವೆ" ಎಂದು ಬೇರೆ ಸೇರಿಸಿದ.

ಅಲ್ಲಿಂದ ಮುಂದೆ ಯಾರೂ ತಳ್ಳದೆಯೇ ಇಳಿಜಾರಿನಲ್ಲಿ ಜಾರಿದ. ಅವನು ಹುಟ್ಟಾ ಸುಳ್ಳುಗಾರನಲ್ಲ, ಆದ್ದರಿಂದಲೇ ಅಳತೆಗೊಂದು ವಸ್ತುವಿಲ್ಲದೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮೂರನೇ ದಿನ ಹೂವರಳಿತು. ಐದನೇ ದಿನ ಕಾಯಿ ಕಟ್ಟಿತು. ಎಷ್ಟು ದಪ್ಪ ಎಂದು ಅವಳು ಕೇಳುವಳೆಂದು ಹಳೆಯ ಡಬ್ಬದಿಂದ ಒಂದು ಗೋಲಿ ಹುಡುಕಿ ಅಂಗೈಯಲ್ಲಿಟ್ಟುಕೊಂಡು, ಗೋಲಿಯಷ್ಟು ಎಂದ. ಎಂಟನೇ ದಿನ ಅಡುಗೆಮನೆಯಿಂದ ನಿಂಬೆಹಣ್ಣು ತಂದಿಟ್ಟುಕೊಂಡು, ನಿಂಬೆಹಣ್ಣಿನಷ್ಟು ಎಂದ. ಹೀಗೆ ಕೈಯಲ್ಲೊಂದು ಗುಂಡಗಿನ ವಸ್ತುವಿದ್ದರೆ ಮಾತು ತಡವರಿಸುತ್ತಿರಲಿಲ್ಲ. ಅವಳೂ ಬಿಡುತ್ತಿರಲಿಲ್ಲ. ಯಾವ ಗಿಡದಲ್ಲಿ ಎಷ್ಟು, ತೊಟ್ಟು ಗಟ್ಟಿಯಿದೆಯಾ, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ, ಗಾಜಿಗೆ ತಾಗುತ್ತಿವೆಯಾ ಎಂದು ಒಂದಾದಮೇಲೊಂದು ಕೇಳುತ್ತಿದ್ದಳು. ಬೇರೆ ಸಲ ಅವಳು ಊರಿಗೆ ಹೋದಾಗ ಅವರ ಫೋನಿನ ಮಾತು ಕೆಂಪು ದೀಪ ಹಸಿರಾಗುವಷ್ಟು ಹೊತ್ತೂ ನಡೆಯುತ್ತಿರಲಿಲ್ಲ. ತಲುಪಿದೆಯಾ, ತಲುಪಿದೆ, ಸರಿ, ಇಡಲಾ. ಈಗ ನಲವತ್ತು ನಿಮಿಷ, ಐವತ್ತು ನಿಮಿಷ. ಇದನ್ನು ವಿಚಾರಣೆಯೆಂದೇ ತಿಳಿದು ಅವನು ಬೆವರುತ್ತಿದ್ದ. ಗಿಡದ ಸಂಗತಿ ಮುಗಿದರೆ ಸಿಕ್ಕಿಬೀಳುತ್ತೇನೆಂದು ಬೇರೆ ಸಂಗತಿಗೆ ಹಾರುತ್ತಿದ್ದ. ಕಚೇರಿಯಲ್ಲಿ ಒಬ್ಬಾಕೆ ವೈಪರ್ ಹಾಕಲು ಹೋಗಿ ಹಾರನ್ ಒತ್ತಿ ತಾನೇ ಬೆಚ್ಚಿಬಿದ್ದದ್ದು, ತನಗೆ ಚಿಕ್ಕಂದಿನಲ್ಲಿ ಸೈಕಲ್ ಕಲಿಯಲು ಆಗದೆ ಅಪ್ಪ ಬೀದಿಯಲ್ಲೇ ಬಿಟ್ಟುಹೋದದ್ದು, ಇನ್ನೂ ಏನೇನೋ. ನಿನ್ನೆಯಂತೂ, "ಒಂದು ಕೆಂಪಗಾಗ್ತಿದೆ" ಎಂದುಬಿಟ್ಟ. ಆ ಕಡೆ ಯಾರೋ ಕೆಮ್ಮಿದ ಹಾಗಾಯಿತು. "ಕೆಂಪಾ! ಯಾವ ಕಡೆಯಿಂದ ರೀ?" ಎಂದಳು. "ಎಡಗಡೆಯಿಂದ" ಎಂದ.

ಇದೆಲ್ಲ ತಲೆಯಲ್ಲಿ ಗಿರಗಿರ ತಿರುಗುತ್ತಿರುವಾಗಲೇ ಅವನು ಆರನೇ ಗಿಡದಿಂದ ಹನ್ನೆರಡನೆಯದಕ್ಕೆ ಬಂದು, ಕೈಮುಗಿಯುವುದೋ ಬೇಡವೋ ಎಂದು ಪರೀಕ್ಷಿಸಲು ಒಮ್ಮೆ ಕೈಮುಗಿದು ನೋಡಿದ. ಮೊಣಕೈ ತಗುಲಿತು. ಕಟಕ್ ಎಂದಿತು. ಹನ್ನೆರಡನೇ ಗಿಡದ ತುದಿ ಮುರಿದು, ಒಂದು ಬದಿಯ ಸಿಪ್ಪೆಯ ಆಧಾರದಲ್ಲಿ ಪಕ್ಕಕ್ಕೆ ವಾಲಿ ನಿಂತಿತು. ಇಡೀ ಹಸಿರುಮನೆಯಲ್ಲಿ ಹೊಸದಾಗಿ ಮೊಗ್ಗಿನ ಗೊಂಚಲು ಇಣುಕಿದ್ದುದು ಆ ಗಿಡದ ತುದಿಯಲ್ಲಿ ಮಾತ್ರ. ಮೊನ್ನೆ ಅದನ್ನು ಕಂಡಾಗ ಅವನು ಕುಣಿಯುವುದೊಂದು ಬಾಕಿ. ಈಗ ಅಳು ಬಂತು, ಟೈ ಕಟ್ಟಿಕೊಂಡು ಅಳುವುದು ಹೇಗೆಂದು ತಿಳಿಯದೆ ಒಳಗೆ ಓಡಿ ಔಷಧಿ ಡಬ್ಬಿಯಿಂದ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ತಂದ. ಮುರಿದ ಕಾಂಡಕ್ಕೆ ಕಡ್ಡಿ ಕಟ್ಟಿದರೆ ಕೂಡಿಕೊಳ್ಳುತ್ತದೆ ಎಂದು ಸಸಿ ಮಾರುವ ನರ್ಸರಿಯಾಕೆ ಹೇಳಿದ್ದು ನೆನಪಾಯಿತು. ಒಂದು ಕೈಯಲ್ಲಿ ತುದಿ ಹಿಡಿದು ಕಡ್ಡಿಗಾಗಿ ಸುತ್ತ ನೋಡಿದ. ಆ ಕೈ ಬಿಟ್ಟರೆ ತುದಿ ಬೀಳುತ್ತದೆ. ಜೇಬಿನಿಂದ ಪೆನ್ಸಿಲು ಎಳೆದು, ಕಾಂಡಕ್ಕೆ ಆನಿಸಿ, ಮಗುವಿನ ಬೆರಳಿಗೆ ಸುತ್ತುವ ಹಾಗೆ ಮೂರು ಸುತ್ತು ಪ್ಲಾಸ್ಟರ್ ಸುತ್ತಿದ. ನಿಂತಿತು. ಕಚೇರಿಗೆ ಹೊತ್ತಾಗಿತ್ತು.

ನರ್ಸರಿಯಾಕೆಯ ಬಳಿಗೆ ಅವನು ಹೋದದ್ದು ಎರಡನೇ ದಿನ, ಕಸದ ಬುಟ್ಟಿಯಿಂದ ಒಂದು ಗೊಂಚಲನ್ನು ಹೆಕ್ಕಿ ಕಚೇರಿಯ ಲಕೋಟೆಯಲ್ಲಿ ಹಾಕಿಕೊಂಡು. ಸಸಿಗಳ ನಡುವೆ ಕೂತಿದ್ದವಳು ತಲೆಯೆತ್ತಿದಾಗ ಇಬ್ಬರಿಗೂ ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ನಾಲ್ಕು ಸಲ ಅವನ ಪಕ್ಕದಲ್ಲಿ ಕೂತು ನಾಲ್ಕು ಸಲವೂ ಫೇಲಾದವಳು. ಸಸಿ ಸಾಗಿಸಲು ಸಣ್ಣ ವ್ಯಾನು ತೆಗೆದುಕೊಂಡು ಒಂದು ವರ್ಷವಾಗಿತ್ತು, ವ್ಯಾನು ಅಂಗಡಿಯ ಮುಂದೆ ನಿಂತಲ್ಲೇ ನಿಂತು ಅದರ ಮೇಲೆ ಬಳ್ಳಿ ಹಬ್ಬಿತ್ತು. ಅವನು ಕದ್ದ ಮಾಲಿನಂತೆ ಲಕೋಟೆ ಚಾಚಿದ. ಅವಳು ಗೊಂಚಲನ್ನು ಬೆಳಕಿಗೆ ಹಿಡಿದು, "ಅಯ್ಯೋ ಸಾರ್, ಇದನ್ನ ಯಾರು ಕಿತ್ತಿದ್ದು?" ಎಂದಳು.

"ಒಬ್ರು ಕಿತ್ತಿದ್ದಾರೆ."

"ಎಷ್ಟು?"

"ಹತ್ತೊಂಬತ್ತು."

"ಸಂದಿ ಚಿಗುರು?"

"ಅದನ್ನೆಲ್ಲ ಜೋಪಾನವಾಗಿ ಉಳಿಸಿದ್ದಾರೆ" ಎಂದ. ಅವಳ ಕೆನ್ನೆ ಒಳಗಿನಿಂದ ಕಚ್ಚಿಕೊಂಡಂತೆ ಕುಳಿಬಿತ್ತು. ನಗಲಿಲ್ಲ. ಆ ಉಪಕಾರವನ್ನು ಅವನು ಮರೆಯಲಾರ. "ಹೋಗ್ಲಿ ಬಿಡಿ. ತುದಿ ಇದ್ಯಲ್ಲ, ಹೊಸ ಗೊಂಚಲು ಬರುತ್ತೆ. ಚಿಗುರಲ್ಲೂ ಬರುತ್ತೆ. ಆದ್ರೆ ಹಣ್ಣಾಗೋಕೆ ಎರಡು ತಿಂಗಳಾದ್ರೂ ಬೇಕು. ಆ ಒಬ್ರಿಗೆ ಮನೇಲಿ ನಿಜ ಹೇಳೋಕೆ ಹೇಳಿ ಸಾರ್. ಗಿಡದ ವಿಷ್ಯದಲ್ಲಿ ಬುರುಡೆ ಬಿಡೋಕಾಗಲ್ಲ, ಬೆಳೆಸಿದವರಿಗೆ ಗೊತ್ತಾಗಿಬಿಡುತ್ತೆ." ಹೇಳುತ್ತೇನೆ ಎಂದು ಬಾಲ ಮುದುರಿಕೊಂಡು ಹೊರಬಂದ. ಆ ಸಂಜೆಯೇ, ಮೊಗ್ಗು ದಪ್ಪಗಾಗಿವೆ ಎಂದು ಫೋನಿನಲ್ಲಿ ಹೇಳಿದ.

ಇವತ್ತು ಕಚೇರಿಯ ಹನ್ನೊಂದು ಗಂಟೆಯ ಪಟ್ಟಿಯಲ್ಲಿ ಐದನೇ ಸಲಕ್ಕೆ ಅವಳ ಹೆಸರಿತ್ತು. ಅವನು ಬೇರೆ ಪರೀಕ್ಷಕರಿಗೆ ದಾಟಿಸಲು ನೋಡಿದ, ಇನ್ನೊಬ್ಬರು ರಜೆಯಲ್ಲಿದ್ದರು. ಪಾಸು ಮಾಡಿದರೆ ಗುಟ್ಟು ಮುಚ್ಚಿಟ್ಟದ್ದಕ್ಕೆ ಋಣ ತೀರಿಸಿದಂತೆ, ಫೇಲು ಮಾಡಿದರೆ ಗುಟ್ಟು ಕಂಡದ್ದಕ್ಕೆ ಸೇಡು ತೀರಿಸಿಕೊಂಡಂತೆ ಎಂದು ಯೋಚಿಸುತ್ತ ಕಾರಿನಲ್ಲಿ ಕೂತು ಹಾಳೆಯನ್ನು ತೊಡೆಯ ಮೇಲಿಟ್ಟು ಜೇಬಿಗೆ ಕೈಹಾಕಿದ. ಪೆನ್ಸಿಲು ಇರಲಿಲ್ಲ. ಹಲ್ಲುಸೆಟ್ಟು ಮನೆಯಲ್ಲಿ ಬಿಟ್ಟುಬಂದವರಂತೆ ಅವನ ಮುಖ ಪೆಚ್ಚಾಯಿತು. "ಹೊರಡಿ" ಎಂದ. ಅವಳು ಹೊರಟಳು. ಮೊದಲ ತಿರುವಿನಲ್ಲಿ ಕನ್ನಡಿ ನೋಡಲು ಒಂದು ಗಳಿಗೆ ತಡಮಾಡಿದಳು, ಆದರೆ ನೋಡಿದಳು. ಅವನ ಬೆರಳು ಹಾಳೆಯ ಮೇಲೆ ಸುಮ್ಮನೆ ಆಡಿತು. ಸಾಮಾನ್ಯವಾಗಿ ಇಲ್ಲೇ ಅವನು ಮೊದಲ ಗೆರೆ ಎಳೆಯುತ್ತಿದ್ದ, ಎಳೆದ ಮರುಗಳಿಗೆಯೇ ಅವಳು ತಪ್ಪು ಗೇರಿಗೆ ಹೋಗುತ್ತಿದ್ದಳು, ಅದಕ್ಕೊಂದು ಗೆರೆ, ಆಮೇಲೆ ಎಂಜಿನ್ ಆಫ್. ಈ ಸಲ ಕಾರಿನಲ್ಲಿ ಏನೂ ಸದ್ದಿರಲಿಲ್ಲ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಲ್ಲಿ ಕಾರು ಒಂದು ಅಂಗುಲವೂ ಹಿಂದೆ ಸರಿಯಲಿಲ್ಲ. ಹಿಂದಕ್ಕೆ ತೆಗೆದು ನಿಲ್ಲಿಸುವಲ್ಲಿ, ಸಸಿಗಳ ಸಾಲಿನ ನಡುವೆ ಕೈಗಾಡಿ ನಡೆಸಿದಷ್ಟು ಸಲೀಸಾಗಿ ಎರಡು ಕಂಬಗಳ ಮಧ್ಯೆ ತಂದು ನಿಲ್ಲಿಸಿದಳು. ತಪ್ಪಿಗಾಗಿ ಅವನು ಕಣ್ಣಲ್ಲಿ ಕಣ್ಣಿಟ್ಟು ಕಾದ. ಸಿಗಲಿಲ್ಲ.

"ಸಾರ್, ಇವತ್ತು ಆ ಪೆನ್ಸಿಲ್ ಕರಕರ ಬರ್ಲಿಲ್ಲ" ಎಂದಳು ಎಂಜಿನ್ ಆರಿಸಿ. "ಅದು ಕೇಳಿದ ತಕ್ಷಣ ನಂಗೆ ಕಾಲೇ ಮರೆತುಹೋಗೋದು, ಯಾವುದು ಬ್ರೇಕಿಂದು ಯಾವುದು ಕ್ಲಚ್ಚಿಂದು ಅಂತ."

ಅವನು ಗಾಜಿನಾಚೆ ನೋಡಿದ. ಸಾಲಿನಲ್ಲಿ ನಿಂತವರೆಲ್ಲ ಕಾರಿನ ಕಡೆಗೇ ಕತ್ತು ಚಾಚಿದ್ದರು. ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಕಾಲುಗಳು ಹೀಗೆ ಮರೆತುಹೋಗಿರಬಹುದು ಎಂದು ಎಣಿಸಲು ಹೋಗಿ, ಲೆಕ್ಕವನ್ನು ಅರ್ಧಕ್ಕೇ ಬಿಟ್ಟ. ನಾಚಿಕೆಯಾಯಿತು, ಬರಿ ನಾಚಿಕೆ. "ನಾಲ್ಕು ಸಲ ಅಂದ್ರೆ... ಅದ್ರಲ್ಲಿ ಸ್ವಲ್ಪ ನನ್ನ ತಪ್ಪೂ ಇತ್ತು ಅನ್ಸುತ್ತೆ" ಎಂದ. ಹೇಳಿ ಮುಗಿಸಿದ ಮೇಲೆ, ಆಕಾಶ ಕಳಚಿ ಬೀಳಲಿಲ್ಲವಲ್ಲ ಎಂದು ಅಚ್ಚರಿಪಟ್ಟ.

"ಮೂರ್ನೇ ಸಲದ್ದು ನಂದೇ ಬಿಡಿ ಸಾರ್. ಕಂಬಾನೇ ಬೀಳಿಸಿದ್ದೆ." ಅವಳು ಸಸಿಗಳ ಹೆಸರು ಬರೆಯುವ ಕಪ್ಪು ಪೆನ್ನನ್ನು ಚೀಲದಿಂದ ತೆಗೆದು ಕೊಟ್ಟಳು. ಅದರಲ್ಲೇ ಅವನು ಪಾಸು ಎಂದು ಬರೆದು ಸಹಿ ಹಾಕಿದ. ಬೆರಳು ಮಡಚಲು ಮರೆತಿದ್ದ. "ಆ ಒಬ್ರು ಮನೇಲಿ ಹೇಳಿದ್ರಾ?" ಎಂದು ಇಳಿಯುವಾಗ ಕೇಳಿದಳು. "ಇವತ್ತು ಹೇಳ್ತಾರೆ" ಎಂದ.

ನಾಲ್ಕೂವರೆಗೆ ಗೇಟು ಸದ್ದಾಯಿತು. ಬಾಗಿಲಲ್ಲೇ, ಚಪ್ಪಲಿ ಬಿಚ್ಚುವ ಮೊದಲೇ ಎಂದುಕೊಂಡಿದ್ದವನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಚೀಲವನ್ನು ಜಗಲಿಯಲ್ಲಿಟ್ಟು ಮನೆಯ ಪಕ್ಕದಿಂದ ನೇರ ಹಿತ್ತಲಿಗೆ ಹೊರಟಾಗಿತ್ತು. ಅವನು ಅಡುಗೆಮನೆಯ ಮೂಲಕ ಓಡಿ, ಮೂಲೆಯ ಬಕೆಟಿಗೆ ಎಡವಿ, ಹಸಿರುಮನೆಯ ಬಾಗಿಲಿಗೆ ಅಡ್ಡನಿಂತ. ಏದುಸಿರು. "ಹತ್ತೊಂಬತ್ತು ಗೊಂಚಲು. ನಾನೇ ಚಿವುಟಿದ್ದು. ಚಿವುಟಬೇಕಾದ್ದನ್ನ ಬಿಟ್ಟು ಬಿಡಬೇಕಾದ್ದನ್ನ ಚಿವುಟಿದ್ದು. ಗೋಲಿ ಸುಳ್ಳು, ನಿಂಬೆಹಣ್ಣು ಸುಳ್ಳು, ಎಡಗಡೆ ಕೆಂಪಾದದ್ದೂ ಸುಳ್ಳು. ಸೈಕಲ್ಲಿನದು ಮಾತ್ರ ನಿಜ" ಎಂದ.

"ಗೊತ್ತು ರೀ, ಸರೀರಿ" ಎಂದು ಅವಳು ಅವನನ್ನು ಬಾಗಿಲಿನಿಂದ ಪಕ್ಕಕ್ಕೆ ಸರಿಸಿದಳು.

ಒಳಗೆ ಅವಳು ಒಂದೊಂದೇ ಗಿಡದ ಮುಂದೆ ನಿಂತು ಬೋಳು ಕಾಂಡವನ್ನು ಮುಟ್ಟಿ ನೋಡಿದಳು. ಚಿವುಟಿದ ಜಾಗಗಳೆಲ್ಲ ಒಣಗಿ ಸಣ್ಣ ಗಂಟಾಗಿದ್ದವು. ಅವಳು ಮಾತಾಡಲಿಲ್ಲ, ಅವನು ಹಿಂದೆ ಹಿಂದೆ ಹೆಜ್ಜೆಯಿಟ್ಟ. ಹೋದ ವರ್ಷದ ಆ ಎರಡು ದಿನಗಳು ಹೇಗಿದ್ದಿರಬಹುದೆಂದು ಅವನಿಗೆ ಈಗ ಅರ್ಥವಾಗುತ್ತಿತ್ತು. "ಮೊಗ್ಗು ಹೇಗಿದೆ ಅಂದ್ರೆ ಅಷ್ಟು ಹೊತ್ತು ಸುಮ್ಮನಾದ್ರಲ್ಲ, ಆಗ್ಲೇ ಗೊತ್ತಾಯ್ತು" ಎಂದಳು ಕೊನೆಗೆ. "ಅವತ್ತು ರಾತ್ರಿ ಅತ್ತುಬಿಟ್ಟೆ. ಬೇಜಾರಾಗಿಲ್ಲ ಅಂತ ಹೇಳಲ್ಲ. ಆಮೇಲೆ ಗೋಲಿ ಮೂರೇ ದಿನಕ್ಕೆ ನಿಂಬೆಹಣ್ಣಾಯ್ತಲ್ಲ, ಅಕ್ಕ ನಕ್ಕೂ ನಕ್ಕೂ ಮಂಡಿ ಹೊಲಿಗೆ ಬಿಚ್ಚಿಹೋಗುತ್ತೆ ಅಂತ ನರ್ಸಮ್ಮ ಬಂದು ಬೈದ್ರು. ನಿನ್ನೆ ಕೆಮ್ಮಿದ್ದು ಅಕ್ಕನೇ."

ಇಂಗು ತಿಂದ ಮಂಗನ ಹಾಗೆ ನಿಂತಿದ್ದ ಅವನು, "ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಎಂದ.

"ಹೇಳಿದ್ರೆ ನೀವು ಮಾತಾಡೋದು ನಿಲ್ಲಿಸಿಬಿಡ್ತಿದ್ರಿ."

ಅವಳು ಹನ್ನೆರಡನೇ ಗಿಡದ ಬಳಿ ಬಗ್ಗಿದ್ದಳು. ಪ್ಲಾಸ್ಟರಿನ ನಡುವೆ ಕೆಂಪು ಪೆನ್ಸಿಲು ಕಂಡು ಅವನತ್ತ ತಿರುಗಿದಳು. ಗಿಡದ ತುದಿ ಬಾಡಿರಲಿಲ್ಲ. "ನಾಳೆ ಕಚೇರಿಗೆ ಬೇಕಲ್ವಾ ಇದು?" ಎಂದಳು. ಕೂಡಿಕೊಳ್ಳುವ ತನಕ ಅಲ್ಲೇ ಇರಲಿ ಎಂದ.

ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕೂತರು. ಅಕ್ಕ ಹೇಗಿದ್ದಾಳೆ ಎಂದ, ನಡೀತಿದ್ದಾಳೆ ಎಂದಳು. ರೈಲು ಹೇಗಿತ್ತು ಎಂದ, ಸರಿಯಾದ ಟೈಮಿಗೇ ಬಂತು ಎಂದಳು. ಅಷ್ಟಕ್ಕೆ ಮುಗಿಯಿತು. ಹೇಳುವುದು ಏನೇನೋ ಇತ್ತು, ನರ್ಸರಿಯಾಕೆ ಪಾಸಾದದ್ದು, ಕರಕರ, ಮರೆತುಹೋದ ಕಾಲುಗಳು, ಆದರೆ ಅವಳ ಮುಖ ಇಷ್ಟು ಹತ್ತಿರದಲ್ಲಿರುವಾಗ ನಾಲಿಗೆ ಏಳುತ್ತಿರಲಿಲ್ಲ. ಅವಳು ಬಟ್ಟಲು ಎತ್ತಿಕೊಂಡು ಎದ್ದಳು. ಏಳಕ್ಕೆ ಎರಡು ನಿಮಿಷವಿತ್ತು. ಅವನು ಫೋನು ತೆಗೆದುಕೊಂಡು, ಹಣ್ಣಿನ ಬುಟ್ಟಿಯಲ್ಲಿದ್ದ ನಿಂಬೆಹಣ್ಣನ್ನೂ ಅಭ್ಯಾಸಬಲದಿಂದ ಎತ್ತಿಕೊಂಡು ಹಿತ್ತಲಿಗೆ ಹೋದ. ಹಸಿರುಮನೆಯ ದೀಪ ಹಾಕಿ, ಹನ್ನೆರಡನೇ ಕುಂಡದ ಪಕ್ಕ ಬಕೆಟು ಬೋರಲು ಹಾಕಿ ಕೂತು, ಅವಳ ನಂಬರು ಒತ್ತಿದ. ಗೋಡೆಯ ಆಚೆ ಅಡುಗೆಮನೆಯಲ್ಲಿ ಫೋನು ಬಡಿದುಕೊಂಡಿತು. ನಾಲ್ಕು ಸಲ ಬಡಿದುಕೊಂಡಿತು. ತಾನು ಮಾಡುತ್ತಿರುವುದು ಶುದ್ಧ ಹುಚ್ಚಾಟ, ಇಟ್ಟುಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಅವಳು ಎತ್ತಿದಳು.

"ಹಲೋ" ಎಂದಳು. ಸ್ವಲ್ಪ ತಡೆದು, "ಗಿಡ ಹೇಗಿವೆ?" ಎಂದಳು.

"ಹನ್ನೊಂದರಲ್ಲಿ ಏನೂ ಇಲ್ಲ. ಒಂದರಲ್ಲಿ ಮೊಗ್ಗಿದೆ. ಹಸಿರು."

"ಎಷ್ಟು ದಪ್ಪ?"

ಅವನು ಕೈಯಲ್ಲಿದ್ದ ನಿಂಬೆಹಣ್ಣನ್ನು ಪಕ್ಕದ ಕುಂಡದ ಮಣ್ಣಿನ ಮೇಲಿಟ್ಟ. ಕನ್ನಡಕ ಒರೆಸಿಕೊಂಡು ಮೊಗ್ಗಿನ ಹತ್ತಿರಕ್ಕೆ ಬಗ್ಗಿ ನೋಡಿದ. "ಸಾಸಿವೆಕಾಳಿನಷ್ಟು. ಇಲ್ಲ, ಅದಕ್ಕಿಂತ ಚೂರು ದೊಡ್ಡದು."

"ಸುಳ್ಳು."

"ನಿಜ ಕಣೇ. ಬೇಕಾದ್ರೆ ಬಂದು ನೋಡು" ಎಂದ. ಅಡುಗೆಮನೆಯ ಹಿಂಬಾಗಿಲು ತೆರೆದ ಸದ್ದು ಅವನಿಗೆ ಫೋನಿನಲ್ಲೂ ಕೇಳಿಸಿತು, ಹಿತ್ತಲಿನಿಂದಲೂ ಕೇಳಿಸಿತು.